ನಾಲ್ಕು ಜನರ ಎದುರು ಪ್ರೀತಿ: ಒಂದೊಂದು ಸಮಾಜಕ್ಕೆ ಒಂದೊಂದು ಕಟ್ಟಳೆ ಏಕೆ?

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳಲ್ಲಿ ಜನ ಸೇರತೊಡಗುತ್ತಾರೆ; ಮುರ್ಡೇಶ್ವರ, ಹೊನ್ನಾವರ, ಕಾರವಾರಗಳ ಹೆದ್ದಾರಿಯಲ್ಲಿ ಹೊರಜಿಲ್ಲೆ, ಹೊರರಾಜ್ಯಗಳ ವಾಹನಗಳು ಹೆಚ್ಚುತ್ತವೆ. ಮೊದಲು ಪ್ರವಾಸಿಗರ ವಿಷಯ ಕರಾವಳಿಯ ಕೆಲವೇ ಊರುಗಳಿಗೆ ಸಂಬಂಧಿಸಿದ್ದಾಗಿತ್ತು. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾಗಳ ಅಡಿಕೆ ತೋಟದ ಮನೆಗಳೂ ಹೋಮ್‌ಸ್ಟೇಗಳಾಗಿವೆ. ಹೀಗಾಗಿ ಅಜ್ಜಿ ಎಲೆಯಡಿಕೆಯ ಕವಳ ಹಾಕುತ್ತ ಕುಳಿತ ಜಗಲಿಯಲ್ಲಿಯೇ ಬೆಂಗಳೂರಿನಿಂದಲೋ ಬರ್ಲಿನ್‌ನಿಂದಲೋ ಬಂದ ಜೋಡಿಯೊಂದು ಒಬ್ಬರ ಮಡಿಲಲ್ಲಿ ಇನ್ನೊಬ್ಬರು ತಲೆಯಿಟ್ಟು ಕೂರುವ ಸಂದರ್ಭ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅನೇಕ ಮನೆಗಳಿಗೆ ಹೊಸದಾಗಿ ಬಂದಿದೆ. ಹೇಳಬೇಕೇ, ಸುಮ್ಮನಿರಬೇಕೇ ಎಂದು ಮನೆಯ ಯಜಮಾನನಿಗೆ ತಿಳಿಯುವುದಿಲ್ಲ. ತಾವು ಯಾರಿಗಾದರೂ ಮುಜುಗರ ಉಂಟುಮಾಡುತ್ತಿದ್ದೇವೆ ಎಂಬ ಸುಳಿವು ಅತಿಥಿಗಳಿಗೆ ಇರುವುದಿಲ್ಲ. ಅದೇ ಅತಿಥಿಗಳು ಮರುದಿನ ಪೇಟೆಗೆ ಹೋದಾಗ ಇಬ್ಬರು ಹುಡುಗರು ಕಿರುಬೆರಳಿಗೆ ಕಿರುಬೆರಳು ಸೇರಿಸಿಕೊಂಡು ನಡೆಯುವುದನ್ನು ಕಂಡು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಈ ಎರಡು ತಬ್ಬಿಬ್ಬುಗಳಿಗೂ ಕಾರಣ ಒಂದೇ. ಪ್ರೀತಿಯನ್ನು ಎಲ್ಲರೆದುರು ತೋರಿಸುವ ಸಮಾಜಗಳು ಕೆಲವು, ತೋರಿಸದ ಸಮಾಜಗಳು ಕೆಲವು ಎಂದು ನಾವು ಸಾಮಾನ್ಯವಾಗಿ ವಿಂಗಡಿಸುತ್ತೇವೆ. ವಾಸ್ತವದಲ್ಲಿ ಎಲ್ಲ ಸಮಾಜಗಳೂ ಪ್ರೀತಿಯನ್ನು ಬಹಿರಂಗವಾಗಿ ತೋರಿಸುತ್ತವೆ. ಯಾರು ಯಾರಿಗೆ ತೋರಿಸಬಹುದು, ಯಾರ ಎದುರು ತೋರಿಸಬಹುದು, ಯಾವ ಬಗೆಯಲ್ಲಿ ತೋರಿಸಬಹುದು ಎಂಬ ಕಟ್ಟಳೆಗಳು ಮಾತ್ರ ಬೇರೆ ಬೇರೆ.

ಮೊದಲು ವಿಷಯದ ಗಡಿ

ಇಲ್ಲಿ ಪ್ರೀತಿ ತೋರಿಸುವುದು ಎಂದರೆ ಇತರರ ಕಣ್ಣಿಗೆ ಬೀಳುವಂತೆ ಇಬ್ಬರ ನಡುವಿನ ಅಕ್ಕರೆಯನ್ನು ದೇಹದಿಂದಲೋ ಮಾತಿನಿಂದಲೋ ವ್ಯಕ್ತಪಡಿಸುವುದು. ಕೈ ಹಿಡಿಯುವುದು, ಹೆಗಲ ಮೇಲೆ ಕೈ ಹಾಕುವುದು, ಅಪ್ಪಿಕೊಳ್ಳುವುದು, ಕೆನ್ನೆಗೆ ಅಥವಾ ಹಣೆಗೆ ಮುತ್ತಿಡುವುದು, ತುಟಿಗೆ ಮುತ್ತಿಡುವುದು, ತಲೆ ನೇವರಿಸುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಅಥವಾ ಶನಿವಾರ ಸಂಜೆಯ ಬಸ್ಸಿನಲ್ಲಿ ಮೈಗೆ ಮೈ ತಾಗುವುದು ಇದಕ್ಕೆ ಸೇರುವುದಿಲ್ಲ. ಅಲ್ಲಿ ಸ್ಪರ್ಶವಿದೆ, ಆದರೆ ಅದರಲ್ಲಿ ಯಾವ ಸಂದೇಶವೂ ಇಲ್ಲವೆಂದು ಎಲ್ಲರೂ ಒಪ್ಪಿಕೊಂಡಿರುತ್ತಾರೆ.

ಇನ್ನೊಂದು ಬದಿಯಲ್ಲಿ ಅಶ್ಲೀಲತೆ ಎಂಬ ಕಾನೂನಿನ ಪರಿಕಲ್ಪನೆ ಇದೆ. ಶಿಷ್ಟಾಚಾರಕ್ಕೆ ಹೊಂದದ್ದೆಲ್ಲವೂ ಅಶ್ಲೀಲವಲ್ಲ, ಅಶ್ಲೀಲವೆನಿಸಿದ್ದೆಲ್ಲವೂ ಅಪರಾಧವಲ್ಲ. ಈ ಮೂರನ್ನೂ ಒಂದೇ ಎಂದು ಭಾವಿಸಿದಾಗಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ಕಾನೂನಿನ ವಿಷಯಕ್ಕೆ ಮುಂದೆ ಬರೋಣ.

ದೇಹದ ಸುತ್ತಲೂ ಅಂಗಳ, ಜಗಲಿ, ನಡುಮನೆ

ನಮ್ಮ ಕಡೆಯ ಹಳೆಯ ಮನೆಯೊಂದನ್ನು ನೆನೆಯಿರಿ. ಅಂಗಳಕ್ಕೆ ಯಾರು ಬೇಕಾದರೂ ಬರಬಹುದು. ಜಗಲಿಯಲ್ಲಿ ಪರಿಚಯದವರು ಕುಳಿತು ಮಾತನಾಡಬಹುದು. ನಡುಮನೆಗೆ ನೆಂಟರು ಬರುತ್ತಾರೆ. ಅಡುಗೆಮನೆಗೂ ದೇವರ ಕೋಣೆಗೂ ಮನೆಯವರಿಗಷ್ಟೇ ಪ್ರವೇಶ. ಯಾವ ಬಾಗಿಲಿಗೂ ಫಲಕ ತೂಗುಹಾಕಿರುವುದಿಲ್ಲ, ಆದರೂ ಬಂದವರಿಗೆ ತಾವು ಎಲ್ಲಿ ನಿಲ್ಲಬೇಕೆಂದು ಗೊತ್ತಿರುತ್ತದೆ. ಮನುಷ್ಯನ ದೇಹದ ಸುತ್ತಲೂ ಇಂಥ ವಲಯಗಳಿವೆ ಎಂಬುದನ್ನು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1960ರ ದಶಕದಲ್ಲಿ ವಿವರಿಸಿದರು. ತಮ್ಮ ನಾಡಿನ ಮಧ್ಯಮವರ್ಗದ ಜನರನ್ನು ಗಮನಿಸಿ ಅವರು ನಾಲ್ಕು ಅಳತೆಗಳನ್ನು ಕೊಟ್ಟರು: ಸುಮಾರು ಒಂದೂವರೆ ಅಡಿಯ ಒಳಗೆ ಆಪ್ತ ವಲಯ, ಅಲ್ಲಿಂದ ನಾಲ್ಕು ಅಡಿಯವರೆಗೆ ಸ್ನೇಹಿತರ ವಲಯ, ಹನ್ನೆರಡು ಅಡಿಯವರೆಗೆ ವ್ಯವಹಾರದ ವಲಯ, ಅದರಾಚೆಗೆ ಸಾರ್ವಜನಿಕ ವಲಯ. ಈ ಅಳತೆಗಳು ಎಲ್ಲ ದೇಶಗಳಿಗೂ ಅನ್ವಯಿಸುವುದಿಲ್ಲವೆಂದು ಹಾಲ್ ಅವರೇ ಹೇಳಿದ್ದರು. ವಲಯಗಳು ಎಲ್ಲ ಕಡೆಯೂ ಇವೆ, ಅವುಗಳ ಗೋಡೆಗಳನ್ನು ಎಲ್ಲಿ ಕಟ್ಟಬೇಕೆಂಬುದನ್ನು ಆಯಾ ಸಮಾಜ ತೀರ್ಮಾನಿಸುತ್ತದೆ ಎಂಬುದೇ ಅವರ ವಾದದ ತಿರುಳು.

2017ರಲ್ಲಿ ಪ್ರಕಟವಾದ ಅಧ್ಯಯನವೊಂದು 42 ದೇಶಗಳ ಸುಮಾರು 9,000 ಜನರನ್ನು ಈ ಬಗ್ಗೆ ಕೇಳಿತು. ಅಪರಿಚಿತರನ್ನು ಅತಿ ಹತ್ತಿರ ನಿಲ್ಲಗೊಡುವವರು ಅರ್ಜೆಂಟೀನಾದವರು, ಅತಿ ದೂರದಲ್ಲಿ ನಿಲ್ಲಿಸುವವರು ರೊಮೇನಿಯಾದವರು ಎಂದು ಅದರಲ್ಲಿ ಕಂಡುಬಂತು. ಈ ಎರಡು ದೇಶಗಳ ಜನರು ಎದುರುಬದುರಾಗಿ ನಿಂತು ಮಾತನಾಡಿದರೆ ಒಬ್ಬರು ಮುಂದೆ ಬರುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಇಬ್ಬರಿಗೂ ಎದುರಿನವರು ಸೌಜನ್ಯವಿಲ್ಲದವರೆಂದು ತೋರುತ್ತದೆ.

ಸ್ಪರ್ಶದ ಬಗ್ಗೆ ಅತಿ ಹೆಚ್ಚು ಉಲ್ಲೇಖಗೊಳ್ಳುವ ಅಂಕಿಗಳು ಮನಶ್ಶಾಸ್ತ್ರಜ್ಞ ಸಿಡ್ನಿ ಜೂರಾರ್ಡ್ 1966ರಲ್ಲಿ ಪ್ರಕಟಿಸಿದವು. ಕಾಫಿ ಅಂಗಡಿಗಳಲ್ಲಿ ಜೊತೆಯಾಗಿ ಕುಳಿತವರು ಒಂದು ಗಂಟೆಯಲ್ಲಿ ಎಷ್ಟು ಬಾರಿ ಒಬ್ಬರನ್ನೊಬ್ಬರು ಮುಟ್ಟುತ್ತಾರೆಂದು ಅವರು ಎಣಿಸಿದರು. ಪೋರ್ಟರಿಕೋದ ಸಾನ್ ವಾನ್ ನಗರದಲ್ಲಿ 180 ಬಾರಿ, ಪ್ಯಾರಿಸ್‌ನಲ್ಲಿ 110 ಬಾರಿ, ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ 2 ಬಾರಿ; ಲಂಡನ್‌ನಲ್ಲಿ ಒಮ್ಮೆಯೂ ಇಲ್ಲ. ಇದು ಕೆಲವೇ ಮೇಜುಗಳನ್ನು ನೋಡಿ ಮಾಡಿದ ಎಣಿಕೆಯಾದ್ದರಿಂದ ಇದನ್ನೇ ಇಡೀ ದೇಶಗಳ ಲಕ್ಷಣವೆಂದು ಹಿಡಿಯುವುದು ಸರಿಯಲ್ಲ. ಆದರೆ ನಮ್ಮಲ್ಲಿ ಬೇರೂರಿರುವ ಒಂದು ಕಲ್ಪನೆಯನ್ನು ಇದು ಅಲುಗಾಡಿಸುತ್ತದೆ. ಪಾಶ್ಚಾತ್ಯರು ಎಂದು ನಾವು ಒಂದೇ ಗುಂಪಾಗಿ ಕರೆಯುವವರ ನಡುವೆಯೇ, ಪ್ಯಾರಿಸ್ಸಿಗೂ ಲಂಡನ್ನಿಗೂ ನಡುವೆಯೇ, ಇಷ್ಟು ಅಂತರವಿರಬಹುದು.

ಇದಕ್ಕಿಂತ ವಿಸ್ತಾರವಾದ ಇನ್ನೊಂದು ಅಧ್ಯಯನ 2021ರಲ್ಲಿ ಬಂತು. 45 ದೇಶಗಳ ಸುಮಾರು 14,000 ಜನರಿಂದ ಮಾಹಿತಿ ಪಡೆದ ಅದು, ಬಾಳಸಂಗಾತಿ ಮತ್ತು ಮಕ್ಕಳನ್ನು ಪ್ರೀತಿಯಿಂದ ಮುಟ್ಟುವುದು ಬಹುತೇಕ ಎಲ್ಲ ಕಡೆಯೂ ಇದೆ ಎಂದು ತೋರಿಸಿತು. ಸೆಕೆ ಹೆಚ್ಚಿರುವ ದೇಶಗಳಲ್ಲಿ, ಧಾರ್ಮಿಕತೆ ಮತ್ತು ಸಂಪ್ರದಾಯನಿಷ್ಠೆ ಕಡಿಮೆ ಇರುವ ಸಮಾಜಗಳಲ್ಲಿ, ಕಿರಿಯ ವಯಸ್ಸಿನವರಲ್ಲಿ ಇಂಥ ಸ್ಪರ್ಶ ಹೆಚ್ಚಾಗಿ ಕಂಡಿತು. ಇವು ಒಟ್ಟಾರೆ ಒಲವುಗಳು ಮಾತ್ರ. ಒಂದು ಕಾರಣ ಇನ್ನೊಂದನ್ನು ತಡೆಯುವ ಸಂದರ್ಭಗಳೂ ಉಂಟು. ನಮ್ಮ ಕರಾವಳಿಯ ಸೆಕೆಯೊಂದೇ ಲೆಕ್ಕಕ್ಕೆ ಬರುವುದಿದ್ದರೆ ಕಾರವಾರದ ಬೀದಿಗಳು ಬೇರೆಯೇ ರೀತಿ ಇರಬೇಕಿತ್ತು.

ಮುತ್ತು ಎಲ್ಲ ಕಡೆ ಒಂದೇ ಅಲ್ಲ

ಪ್ರಣಯದ ಮುತ್ತು ಮನುಕುಲಕ್ಕೆಲ್ಲ ಸಹಜ ಎಂದು ಅನೇಕರು ನಂಬುತ್ತಾರೆ. 2015ರಲ್ಲಿ ಮೂವರು ಸಂಶೋಧಕರು 168 ಸಂಸ್ಕೃತಿಗಳ ದಾಖಲೆಗಳನ್ನು ಪರಿಶೀಲಿಸಿದಾಗ ಶೇಕಡಾ 46ರಲ್ಲಿ ಮಾತ್ರ ತುಟಿಗೆ ತುಟಿ ಸೇರಿಸುವ ಪ್ರಣಯದ ಮುತ್ತು ಕಂಡುಬಂತು. ಉಳಿದ ಕಡೆಗಳಲ್ಲಿ ಪ್ರೀತಿ ಇಲ್ಲವೆಂದು ಇದರ ಅರ್ಥವಲ್ಲ. ಅಲ್ಲಿ ಪ್ರೀತಿ ಬೇರೆ ದಾರಿ ಹಿಡಿದಿದೆ.

ಮುತ್ತು ಇರುವ ಕಡೆಗಳಲ್ಲಿಯೂ ಅದು ಪ್ರಣಯದ ಗುರುತೇ ಆಗಬೇಕೆಂದಿಲ್ಲ. ಫ್ರಾನ್ಸ್‌ನಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿನ ಸದ್ದು ಮಾಡುವುದು ಪರಿಚಿತರ ನಡುವಿನ ನಮಸ್ಕಾರ. 1979ರಲ್ಲಿ ಪೂರ್ವ ಜರ್ಮನಿಯ 30ನೇ ವರ್ಷಾಚರಣೆಗೆ ಬಂದ ಸೋವಿಯತ್ ನಾಯಕ ಬ್ರೆಜ್ನೆವ್ ಅಲ್ಲಿನ ನಾಯಕ ಹೊನೆಕರ್ ಅವರ ತುಟಿಗೆ ಮುತ್ತಿಟ್ಟದ್ದು ಸಮಾಜವಾದಿ ದೇಶಗಳ ಸಹೋದರತ್ವದ ಸಂಕೇತವಾಗಿ. ಆ ಪದ್ಧತಿ ಗೊತ್ತಿಲ್ಲದ ದೇಶಗಳಲ್ಲಿ ಆ ಛಾಯಾಚಿತ್ರ ಅಚ್ಚರಿ ಮೂಡಿಸಿತು. ನ್ಯೂಜಿಲೆಂಡ್‌ನ ಮಾವೊರಿ ಜನರು ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಅತಿಥಿಯನ್ನು ಬರಮಾಡಿಕೊಳ್ಳುತ್ತಾರೆ. ಜಪಾನಿನಲ್ಲಿ ಸ್ಪರ್ಶವೇ ಇಲ್ಲದೆ ಬಾಗಿ ವಂದಿಸುತ್ತಾರೆ. ಎಷ್ಟು ಬಾಗಿದರು ಎಂಬುದರಲ್ಲಿಯೇ ಗೌರವದ ಪ್ರಮಾಣ ತಿಳಿಯುತ್ತದೆ.

ಒಂದು ಸಂಸ್ಕೃತಿಯ ಸನ್ನೆ ಇನ್ನೊಂದಕ್ಕೆ ಬಂದು ನೆಲೆಸಿದ ಉದಾಹರಣೆಯನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕಥೊಲಿಕ್ ಕ್ರೈಸ್ತರ ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಭಾಗವೊಂದಿದೆ. ಯುರೋಪಿನ ಪುರಾತನ ಪದ್ಧತಿಯಲ್ಲಿ ಅದು ಶಾಂತಿಯ ಮುತ್ತು. ಭಾರತದ ಬಿಷಪ್‌ಗಳು ಇಲ್ಲಿನ ರೂಢಿಗೆ ಹೊಂದುವ ಕೆಲವು ಮಾರ್ಪಾಡುಗಳನ್ನು ಕೇಳಿದಾಗ ರೋಮ್ 1969ರಲ್ಲಿ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಮುತ್ತಿನ ಬದಲು ಕೈ ಮುಗಿದು ಶಾಂತಿ ಕೋರಬಹುದು ಎಂಬುದು ಅವುಗಳಲ್ಲಿ ಒಂದು. ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಅವುಗಳನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳಬಹುದು ಎಂಬುದು ಇನ್ನೊಂದು. ಕಾರವಾರ, ಹೊನ್ನಾವರಗಳ ಚರ್ಚ್‌ಗಳಲ್ಲಿ ಇಂದು ಪಕ್ಕದವರಿಗೆ ಕೈ ಮುಗಿದು ತಲೆ ಬಾಗಿಸುವುದನ್ನು ನೋಡುತ್ತೇವಲ್ಲ, ಅದರ ಹಿನ್ನೆಲೆ ಇದು. ಭಾವ ಅದೇ ಉಳಿಯಿತು, ಅದನ್ನು ತೋರಿಸುವ ಬಗೆ ಬದಲಾಯಿತು.

ಯಾರ ಜೊತೆ ಯಾರು

ಗೋಕರ್ಣದ ಪೇಟೆಯಲ್ಲಿ ಕೈ ಹಿಡಿದು ನಡೆಯುವ ಇಬ್ಬರು ಗೆಳೆಯರನ್ನು ಕಂಡು ಪರದೇಶದವರು ಬೆರಗಾಗುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಭಾರತ, ಅರಬ್ ದೇಶಗಳು ಮತ್ತು ಆಫ್ರಿಕದ ಹಲವು ಭಾಗಗಳಲ್ಲಿ ಗಂಡಸರು ಗೆಳೆತನದ ಗುರುತಾಗಿ ಕೈ ಹಿಡಿದುಕೊಳ್ಳುತ್ತಾರೆ, ಹೆಗಲ ಮೇಲೆ ಕೈ ಹಾಕಿ ಕೂರುತ್ತಾರೆ. ಭಟ್ಕಳದಲ್ಲಿ ಈದ್ ನಮಾಜು ಮುಗಿದ ಮೇಲೆ ಗಂಡಸರು ಒಬ್ಬರನ್ನೊಬ್ಬರು ಆಲಿಂಗಿಸಿ ಶುಭ ಕೋರುವುದನ್ನು ಯಾರೂ ವಿಶೇಷವೆಂದು ಭಾವಿಸುವುದಿಲ್ಲ. 2005ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಟೆಕ್ಸಾಸ್‌ನ ತಮ್ಮ ತೋಟದ ಮನೆಗೆ ಬಂದ ಸೌದಿ ಅರೇಬಿಯದ ಯುವರಾಜ ಅಬ್ದುಲ್ಲಾ ಅವರ ಕೈ ಹಿಡಿದು ನಡೆದಾಗ ಅಮೆರಿಕದ ಪತ್ರಿಕೆಗಳಲ್ಲಿ ಅದು ದೊಡ್ಡ ಚರ್ಚೆಯಾಯಿತು. ಸೌದಿಯವರಿಗೆ ಅದು ಆತಿಥ್ಯದ ಸಾಮಾನ್ಯ ನಡೆ.

ಅಮೆರಿಕದಲ್ಲಿಯೂ ಇದು ಯಾವಾಗಲೂ ಹೀಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೊ ಛಾಯಾಚಿತ್ರಗಳಲ್ಲಿ ಅಲ್ಲಿನ ಗೆಳೆಯರು ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಕೈ ಹಿಡಿದು, ಕೆಲವೊಮ್ಮೆ ತೊಡೆಯ ಮೇಲೆ ಕುಳಿತು ಕಾಣಿಸಿಕೊಳ್ಳುತ್ತಾರೆ. ಸಲಿಂಗ ಪ್ರೇಮ ಎಂಬುದನ್ನು ವ್ಯಕ್ತಿಯ ಗುರುತಾಗಿ ನೋಡುವ ದೃಷ್ಟಿ ಆ ಶತಮಾನದ ಕೊನೆಯಲ್ಲಿ ಬಲವಾದ ಮೇಲೆ, ತಮ್ಮನ್ನು ಹಾಗೆ ಭಾವಿಸಿಯಾರೆಂಬ ಅಂಜಿಕೆಯಿಂದ ಗಂಡಸರ ನಡುವಿನ ಸ್ಪರ್ಶ ಕಡಿಮೆಯಾಯಿತೆಂದು ಇತಿಹಾಸಕಾರರು ವಿವರಿಸುತ್ತಾರೆ. ಹೀಗೆ ಅಲ್ಲಿ ಗಂಡು ಹೆಣ್ಣಿನ ಜೋಡಿಗೆ ಬೀದಿ ತೆರೆದುಕೊಂಡಿತು, ಗೆಳೆಯರ ಜೋಡಿಗೆ ಮುಚ್ಚಿಕೊಂಡಿತು. ನಮ್ಮಲ್ಲಿ ಇರುವುದು ಇದಕ್ಕೆ ತದ್ವಿರುದ್ಧ.

ಒಂದೇ ದೇಶದವರೆಲ್ಲ ಒಂದೇ ರೀತಿ ಎಂದು ಭಾವಿಸುವುದೂ ತಪ್ಪಾಗುತ್ತದೆ. ಗೋಕರ್ಣಕ್ಕೆ ಬರುವ ಪರದೇಶದ ಯುವಕ ಯುವತಿಯರಲ್ಲಿ ಕಡ್ಡಾಯ ಸೈನಿಕ ಸೇವೆ ಮುಗಿಸಿ ಬರುವ ಇಸ್ರೇಲಿಗಳು ಸಾಕಷ್ಟಿದ್ದಾರೆ. ಅವರಲ್ಲಿ ಅನೇಕರು ಕಡಲತೀರದಲ್ಲಿ ಸಂಕೋಚವಿಲ್ಲದೆ ಅಪ್ಪಿಕೊಳ್ಳುತ್ತಾರೆ. ಅದೇ ದೇಶದ ನಿಷ್ಠಾವಂತ ಸಂಪ್ರದಾಯಸ್ಥ ಯಹೂದಿಗಳು ಮಾತ್ರ ಸಂಗಾತಿ ಮತ್ತು ಹತ್ತಿರದ ರಕ್ತಸಂಬಂಧಿಗಳ ಹೊರತು ಬೇರೆ ಲಿಂಗದವರ ಕೈ ಕುಲುಕುವುದನ್ನೂ ಒಪ್ಪುವುದಿಲ್ಲ.

ಯಾರ ಎದುರು: ನಮ್ಮ ಮನೆಗಳ ಲೆಕ್ಕ

ನಮ್ಮ ಜಿಲ್ಲೆಯ ಸಂಕೋಚ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು ಮನೆಯ ರಚನೆ. ಕೂಡುಕುಟುಂಬದಲ್ಲಿ ಗಂಡ ಹೆಂಡತಿಯರ ಸಂಬಂಧ ಹಲವು ಸಂಬಂಧಗಳಲ್ಲಿ ಒಂದು. ಮಗನಿಗೆ ತಂದೆ ತಾಯಿ, ಅಣ್ಣ ಅತ್ತಿಗೆ, ತಮ್ಮ ತಂಗಿಯರ ಮೇಲೆ ಇರುವ ಹೊಣೆಗೂ ಹೆಂಡತಿಯ ಮೇಲಿನ ಒಲವಿಗೂ ನಡುವೆ ಸಮತೂಕ ಇರಬೇಕೆಂದು ಮನೆ ನಿರೀಕ್ಷಿಸುತ್ತದೆ. ಎಲ್ಲರೆದುರು ಹೆಂಡತಿಯ ಮೇಲೆ ಅಕ್ಕರೆ ತೋರಿಸಿದರೆ, ಉಳಿದವರಿಗಿಂತ ಇವಳೇ ಹೆಚ್ಚು ಎಂದು ಸಾರಿದಂತಾಗುತ್ತದೆ. ಹಾಗಾಗಿ ಮರೆಮಾಡುವುದು ಪ್ರೀತಿಯ ಕೊರತೆಯಲ್ಲ, ಹಿರಿಯರಿಗೆ ಸಲ್ಲಿಸುವ ಮರ್ಯಾದೆ. ಹಿಂದಿನ ತಲೆಮಾರಿನಲ್ಲಿ ತಂದೆ ತನ್ನ ಹಿರಿಯರೆದುರು ಸ್ವಂತ ಮಗುವನ್ನು ಎತ್ತಿ ಮುದ್ದಿಸುವುದಕ್ಕೂ ಹಿಂಜರಿಯುತ್ತಿದ್ದ. ತಮ್ಮನ ಮಗುವನ್ನು ಮಾತ್ರ ಹೆಗಲ ಮೇಲೆ ಕೂರಿಸಿಕೊಂಡು ತೋಟವೆಲ್ಲ ಸುತ್ತಿಸುತ್ತಿದ್ದ. ಹೆಂಡತಿ ಗಂಡನ ಹೆಸರು ಹೇಳದೇ ಇರುವುದರ ಹಿಂದೆಯೂ, ಮದುವೆಮನೆಯಲ್ಲಿ ಒಗಟು ಕಟ್ಟಿ ಆ ಹೆಸರನ್ನು ಹೇಳಿಸಿ ಎಲ್ಲರೂ ನಗುವುದರ ಹಿಂದೆಯೂ ಇದೇ ಲೆಕ್ಕವಿದೆ.

ವಾಯವ್ಯ ಯುರೋಪಿನ ಬಹುಭಾಗದಲ್ಲಿ ಮದುವೆಯಾದವರು ಬೇರೆ ಮನೆ ಹೂಡುವುದು ಶತಮಾನಗಳ ರೂಢಿ. ಅಲ್ಲಿ ಮನೆಯ ಆಧಾರವೇ ಆ ಇಬ್ಬರು. ಅವರ ಒಲವನ್ನು ಬೇರೆ ಯಾರ ಒಲವಿನ ಜೊತೆಗೂ ತೂಗಿ ನೋಡಬೇಕಾಗಿಲ್ಲ. ಇದೊಂದೇ ಕಾರಣವೆಂದು ಹೇಳಲಾಗದು. ಹಾಗಿದ್ದಿದ್ದರೆ ಲಂಡನ್ನಿನ ಕಾಫಿ ಅಂಗಡಿಯಲ್ಲಿ ಸೊನ್ನೆ ಕಾಣುತ್ತಿರಲಿಲ್ಲ. ಆದರೆ ನೋಡುವವರ ಸ್ಥಾನಮಾನ ನಮ್ಮಲ್ಲಿ ಏಕೆ ಅಷ್ಟು ಮುಖ್ಯ ಎಂಬುದನ್ನು ಇದು ವಿವರಿಸುತ್ತದೆ.

ಯಾರ ಎದುರು ಎಂಬ ಈ ಪ್ರಶ್ನೆ ಬಹಳ ಹಳೆಯದು. ಭರತನ ಹೆಸರಿನಲ್ಲಿರುವ ನಾಟ್ಯಶಾಸ್ತ್ರ ರಂಗದ ಮೇಲೆ ಚುಂಬನ, ಆಲಿಂಗನಗಳನ್ನು ತೋರಿಸಬಾರದು ಎನ್ನುತ್ತದೆ. ಅದು ಕೊಡುವ ಕಾರಣವನ್ನು ಗಮನಿಸಬೇಕು: ತಂದೆ, ಮಗ, ಸೊಸೆ, ಅತ್ತೆ ಎಲ್ಲರೂ ಒಟ್ಟಿಗೆ ಕುಳಿತು ನಾಟಕ ನೋಡುತ್ತಾರೆ. ಅಲ್ಲಿ ಶೃಂಗಾರಕ್ಕೆ ನಿಷೇಧವಿಲ್ಲ, ರಸಗಳ ಪಟ್ಟಿಯಲ್ಲಿ ಶೃಂಗಾರಕ್ಕೇ ಮೊದಲ ಸ್ಥಾನ ಕೊಡುವ ಪರಂಪರೆ ಇದು. ನಿಷೇಧವಿರುವುದು ಆ ಪ್ರೇಕ್ಷಕರೆದುರು ಅದನ್ನು ಸ್ಪರ್ಶದ ಮೂಲಕ ತೋರಿಸುವುದಕ್ಕೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬಡಗುತಿಟ್ಟಿನ ಯಕ್ಷಗಾನಕ್ಕೆ ಹೋದರೆ ಸಾಕು. ಭಾಗವತರು ಶೃಂಗಾರದ ಪದವೊಂದನ್ನು ಎತ್ತಿಕೊಂಡಾಗ ಸ್ತ್ರೀವೇಷ ರಂಗದ ಒಂದು ತುದಿಯಲ್ಲಿ, ಪುರುಷವೇಷ ಇನ್ನೊಂದು ತುದಿಯಲ್ಲಿ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸುತ್ತಾಳೆ, ಹುಬ್ಬು ಒಂದಿಷ್ಟು ಮೇಲೇರಿ ಇಳಿಯುತ್ತದೆ; ಆತ ಎರಡು ಹೆಜ್ಜೆ ಮುಂದೆ ಬಂದು ಮದ್ದಳೆಯ ಒಂದು ನುಡಿಗೆ ಥಟ್ಟನೆ ನಿಂತು, ಕಣ್ಣಿನಲ್ಲೇ ಕೇಳಿ, ಮತ್ತೆ ಹಿಂದೆ ಸರಿಯುತ್ತಾನೆ. ಪದ ಮುಗಿಯುವವರೆಗೂ ಇಬ್ಬರ ಕೈ ತಾಗದೇ ಇರಬಹುದು. ಆದರೂ ಮುಂದಿನ ಸಾಲಿನ ಮಕ್ಕಳಿಂದ ಹಿಡಿದು ಕಂಬಕ್ಕೊರಗಿದ ಅಜ್ಜನವರೆಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಎದ್ದುಹೋಗಬೇಕಾಗಿಲ್ಲ.

ದೇಹದ ಸ್ಪರ್ಶಕ್ಕೆ ಮಿತಿ ಹಾಕಿದ ಸಮಾಜ ಪ್ರೀತಿಗೆ ಬೇರೆ ದಾರಿಗಳನ್ನು ಮಾಡಿಕೊಳ್ಳುತ್ತದೆ. ಮನೆಗೆ ಬಂದವರಿಗೆ ಮೊದಲ ಮಾತೇ ಆಸರಿಗೆ, ಅಂದರೆ ಕುಡಿಯಲು, ಏನು ಬೇಕು ಎಂಬುದು. ಹೊರಟವರನ್ನು ಅಂಗಳದ ಬಾಗಿಲಾದ ದಣಪೆಯವರೆಗೆ ಬಂದು ಕಳಿಸುವುದು ಇನ್ನೊಂದು. ರಾತ್ರಿಯ ಹೊತ್ತು ಕುಮಟಾ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಮಗನನ್ನು ಹತ್ತಿಸಲು ಬಂದ ತಂದೆ ತಾಯಿಯರನ್ನು ನೋಡಿ. ಅಪ್ಪುಗೆ ಇಲ್ಲ, ಮುತ್ತು ಇಲ್ಲ. ತಂದೆ ಚೀಲವನ್ನು ತಾನೇ ಎತ್ತಿ ಡಿಕ್ಕಿಯಲ್ಲಿಟ್ಟು, ಅದು ಮಗುಚುವುದಿಲ್ಲವೆಂದು ಎರಡು ಸಲ ಅಲುಗಾಡಿಸಿ ನೋಡುತ್ತಾನೆ. ತಾಯಿ ಹಲಸಿನ ಹಪ್ಪಳದ ಕಟ್ಟನ್ನೂ ಅಪ್ಪೆಮಿಡಿಯ ಬಾಟಲಿಯನ್ನೂ ಸುತ್ತಿದ ಬಟ್ಟೆಯನ್ನು ಮತ್ತೊಮ್ಮೆ ಬಿಗಿದು ಕೈಗೆ ಕೊಟ್ಟು, "ಮುಟ್ಟಿದ ಕೂಡ್ಲೆ ಫೋನ್ ಮಾಡು ಮಗಾ" ಎನ್ನುತ್ತಾಳೆ. ಬಸ್ಸು ಹೊರಟ ಮೇಲೂ ಇಬ್ಬರೂ ಕಿಟಕಿಯ ಕಡೆಗೇ ನೋಡುತ್ತ ನಿಂತಿರುತ್ತಾರೆ. ಬಹಿರಂಗವಾಗಿ ಪ್ರೀತಿ ತೋರಿಸುವುದು ಎಂದರೆ ಇದೂ ಹೌದು. ಇದನ್ನು ಓದಲು ಬಾರದ ಪರಸ್ಥಳದವರಿಗೆ ಮಾತ್ರ ಇದು ಬಿಗುಮಾನವಾಗಿ ಕಾಣಬಹುದು.

ಮೊದಲೂ ಹೀಗೆಯೇ ಇತ್ತೇ?

ಈ ಕಟ್ಟಳೆಗಳು ಕಲ್ಲಿನಲ್ಲಿ ಕೊರೆದವಲ್ಲ. ದೇವಾಲಯಗಳ ಹೊರಗೋಡೆಯ ಮಿಥುನ ಶಿಲ್ಪಗಳನ್ನು ತೋರಿಸಿ, ಹಿಂದಿನವರು ಬೀದಿಯಲ್ಲಿಯೂ ಮುಕ್ತವಾಗಿದ್ದರು ಎಂದು ಕೆಲವರು ವಾದಿಸುತ್ತಾರೆ. ಶಿಲ್ಪದಲ್ಲಿ, ಕಾವ್ಯದಲ್ಲಿ ಶೃಂಗಾರಕ್ಕೆ ಸಂಕೋಚವಿರಲಿಲ್ಲ ಎಂಬುದಕ್ಕೆ ಅವು ಸಾಕ್ಷಿ. ಊರಿನ ಬೀದಿಯಲ್ಲಿ ಗಂಡ ಹೆಂಡತಿ ಹೇಗೆ ನಡೆದುಕೊಳ್ಳುತ್ತಿದ್ದರು ಎಂಬುದಕ್ಕೆ ಅವು ಸಾಕ್ಷಿಯಾಗಲಾರವು. ಇಂದಿನ ಸಂಕೋಚವೆಲ್ಲ ಬ್ರಿಟಿಷರು ತಂದದ್ದು ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ವಿಕ್ಟೋರಿಯ ರಾಣಿಯ ಕಾಲದ ಇಂಗ್ಲಿಷ್ ನೀತಿ ಕಲ್ಪನೆಗಳು ಶಾಲೆ, ಕಚೇರಿ, ಕಾನೂನುಗಳ ಮೂಲಕ ಇಲ್ಲಿಗೆ ಬಂದು ಇದ್ದ ಸಂಕೋಚವನ್ನು ಗಟ್ಟಿಗೊಳಿಸಿದವು ಎನ್ನುವುದು ಹೆಚ್ಚು ಸರಿ.

ಬದಲಾವಣೆಯ ವೇಗವನ್ನು ಅಳೆಯಲು ಕಾರವಾರಕ್ಕೆ ಸಂಬಂಧವಿರುವ ಒಂದು ಕುಟುಂಬದ ಉದಾಹರಣೆ ಸಾಕು. ಭಾರತೀಯ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಅವರ ತಮ್ಮ ರವೀಂದ್ರನಾಥರು ಇಲ್ಲಿಗೆ ಬಂದು ತಂಗಿದ್ದರು ಎಂಬುದನ್ನು ಕಾರವಾರದವರೆಲ್ಲ ಅಭಿಮಾನದಿಂದ ನೆನೆಯುತ್ತಾರೆ. ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿ 1866ರಲ್ಲಿ ಕಲ್ಕತ್ತೆಯಲ್ಲಿ ವೈಸರಾಯ್ ಏರ್ಪಡಿಸಿದ್ದ ಕೂಟಕ್ಕೆ ಹೋದದ್ದೇ ಅವರ ನೆಂಟರಲ್ಲಿ ಕೋಲಾಹಲ ಎಬ್ಬಿಸಿತು. ಗೌರವಸ್ಥ ಮನೆಯ ಹೆಂಗಸು ಅಂತಃಪುರ ಬಿಟ್ಟು ಪರಪುರುಷರ ನಡುವೆ ಕಾಣಿಸಿಕೊಳ್ಳುವುದೇ ಆಗ ಮರ್ಯಾದೆಗೆ ಕುಂದು. ಇಂದು ಕಾರವಾರದ ಠಾಕೂರ್ ಕಡಲತೀರದಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕುಳಿತು ಶೇಂಗಾ ತಿನ್ನುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಮದುವೆಯ ಛಾಯಾಚಿತ್ರಗಳಲ್ಲಿ ವಧೂವರರು ಅಪ್ಪಿಕೊಂಡು ನಿಲ್ಲುವುದನ್ನು, ಆ ಚಿತ್ರವನ್ನು ಅಜ್ಜಿಯೇ ಮೊಬೈಲಿನಲ್ಲಿ ನೆಂಟರಿಗೆ ತೋರಿಸುವುದನ್ನು ಮೂವತ್ತು ವರ್ಷಗಳ ಹಿಂದೆ ಊಹಿಸುವುದು ಕಷ್ಟವಿತ್ತು.

ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಸಾರ್ವಜನಿಕವಾಗಿ ಪ್ರೀತಿ ತೋರಿಸುವುದನ್ನೇ ಹೆಸರಿಸಿ ನಿಷೇಧಿಸುವ ಕಾನೂನಿಲ್ಲ. ಪ್ರಕರಣ ದಾಖಲಾದಾಗ ಬಳಕೆಯಾಗುವುದು ಅಶ್ಲೀಲ ಕೃತ್ಯದ ಕಲಮು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅದು 294ನೇ ಕಲಮಾಗಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 296ನೇ ಕಲಮು. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯ ಎಸಗಿದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾವ ಕೃತ್ಯ ಅಶ್ಲೀಲ ಎಂಬುದನ್ನು ಆ ಕಲಮು ವಿವರಿಸುವುದಿಲ್ಲ. ಗೊಂದಲದ ಮೂಲ ಅಲ್ಲಿದೆ.

ಹಾಗಾಗಿ ಅರ್ಥ ಹೇಳುವ ಕೆಲಸ ನ್ಯಾಯಾಲಯಗಳ ಪಾಲಿಗೆ ಬಂದಿದೆ. ಮನಸ್ಸು ಕೆಡಬಹುದಾದವರನ್ನು ಕೆಡಿಸುವಂಥದ್ದೇ ಎಂದು ನೋಡುವ 1868ರ ಇಂಗ್ಲೆಂಡಿನ ಅಳತೆಗೋಲು ಬಹುಕಾಲ ನಮ್ಮಲ್ಲಿಯೂ ಬಳಕೆಯಲ್ಲಿತ್ತು. ಪತ್ರಿಕೆಯಲ್ಲಿ ಅಚ್ಚಾದ ಒಂದು ಛಾಯಾಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಅದನ್ನು ಕೈಬಿಟ್ಟು, ಸಮಕಾಲೀನ ಸಮಾಜದ ಮಾನದಂಡದಿಂದ ನೋಡಬೇಕೆಂದಿತು. ಅದಕ್ಕೂ ಮೊದಲು 2009ರಲ್ಲಿ, ದೆಹಲಿಯ ಮೆಟ್ರೊ ನಿಲ್ದಾಣವೊಂದರ ಬಳಿ ಮುತ್ತಿಟ್ಟರೆಂದು ವಿವಾಹಿತ ಜೋಡಿಯೊಂದರ ಮೇಲೆ ದಾಖಲಾದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಆರೋಪವನ್ನು ಇದ್ದಂತೆಯೇ ಒಪ್ಪಿದರೂ ಅದು ಅಶ್ಲೀಲತೆಯ ಅಪರಾಧ ಹೇಗಾಗುತ್ತದೆಂಬುದು ಊಹೆಗೆ ನಿಲುಕದು ಎಂಬ ಅಭಿಪ್ರಾಯ ಕೊಟ್ಟಿತು.

ಕೊನೆಗೆ ಬಿಡುಗಡೆ ಸಿಕ್ಕರೂ ದಾರಿ ಉದ್ದವಿರಬಹುದು. ಮಂಗಳೂರು ಮೂಲದ ನಟಿ ಶಿಲ್ಪಾ ಶೆಟ್ಟಿಯವರಿಗೆ 2007ರಲ್ಲಿ ದೆಹಲಿಯ ಏಡ್ಸ್ ಜಾಗೃತಿ ಕಾರ್ಯಕ್ರಮವೊಂದರ ವೇದಿಕೆಯಲ್ಲಿ ಅಮೆರಿಕದ ನಟ ರಿಚರ್ಡ್ ಗಿಯರ್ ಮುತ್ತಿಟ್ಟಾಗ ಪ್ರಕರಣಗಳು ದಾಖಲಾದವು. ರಾಜಸ್ಥಾನದ ನ್ಯಾಯಾಲಯವೊಂದು ಬಂಧನದ ವಾರಂಟ್ ಹೊರಡಿಸಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಮುಂಬೈ ನ್ಯಾಯಾಲಯ ಶಿಲ್ಪಾ ಅವರನ್ನು ಆರೋಪದಿಂದ ಬಿಡುಗಡೆ ಮಾಡಿದ್ದು 2022ರ ಜನವರಿಯಲ್ಲಿ. ಗೋಕರ್ಣದಂತೆಯೇ ಯಾತ್ರಿಕರೂ ಪರದೇಶದ ಪ್ರವಾಸಿಗರೂ ಒಟ್ಟಿಗೆ ಸೇರುವ ರಾಜಸ್ಥಾನದ ಪುಷ್ಕರದಲ್ಲಿ 2005ರಲ್ಲಿ, ಮದುವೆಯ ವಿಧಿ ಮುಗಿದೊಡನೆ ಮುತ್ತಿಟ್ಟ ಇಸ್ರೇಲಿ ಜೋಡಿಗೆ ನ್ಯಾಯಾಲಯ ದಂಡ ಹಾಕಿತ್ತು. ಮದುವೆಯಲ್ಲಿ ಮುತ್ತಿಡುವುದು ಅವರ ಪಾಲಿಗೆ ವಿಧಿಯ ಭಾಗ, ಅಲ್ಲಿನ ಅರ್ಚಕರ ಪಾಲಿಗೆ ತೀರ್ಥಕ್ಷೇತ್ರಕ್ಕೆ ಅಪಚಾರ.

ಒಂದು ಅಂಶ ಮಾತ್ರ ಸ್ಪಷ್ಟ. ತಪ್ಪು ಎನಿಸಿದರೆ ಪೊಲೀಸರಿಗೆ ತಿಳಿಸುವ ಹಕ್ಕು ಯಾರಿಗೂ ಇದೆ. ಜೋಡಿಯನ್ನು ಅಡ್ಡಗಟ್ಟುವ, ಬೆದರಿಸುವ, ಹೊಡೆಯುವ, ವಿಡಿಯೊ ಹರಿಬಿಡುತ್ತೇವೆಂದು ಹಣ ಕೀಳುವ ಹಕ್ಕು ಯಾರಿಗೂ ಇಲ್ಲ. ಅವೆಲ್ಲ ಬೇರೆ ಬೇರೆ ಕಲಮುಗಳ ಅಡಿಯಲ್ಲಿ ಅಪರಾಧಗಳು, ಮತ್ತು ಅವುಗಳಿಗಿರುವ ಶಿಕ್ಷೆ ಮೂರು ತಿಂಗಳಿಗಿಂತ ಬಹಳ ಹೆಚ್ಚಾಗಬಹುದು. ನಮ್ಮವರು ಕೆಲಸಕ್ಕೆ ಹೋಗುವ ಕೊಲ್ಲಿ ದೇಶಗಳಲ್ಲಿ ಕಾನೂನು ಇನ್ನೂ ಬಿಗಿ: ದುಬೈನ ರೆಸ್ಟೋರೆಂಟ್ ಒಂದರಲ್ಲಿ ಮುತ್ತಿಟ್ಟ ಆರೋಪದಲ್ಲಿ ಇಬ್ಬರು ಬ್ರಿಟಿಷರಿಗೆ 2010ರಲ್ಲಿ ಒಂದು ತಿಂಗಳ ಸೆರೆವಾಸ ವಿಧಿಸಲಾಯಿತು. ಭಟ್ಕಳ, ಹೊನ್ನಾವರಗಳಿಂದ ಅಲ್ಲಿಗೆ ಹೋಗುವ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಒಂದೇ ಊರಿನಲ್ಲಿ ಎರಡು ಕಟ್ಟಳೆ

ಗೋಕರ್ಣದ ರಥಬೀದಿಯಲ್ಲಿ ಕೋಟಿತೀರ್ಥದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಮಹಾಬಲೇಶ್ವರನ ದರ್ಶನಕ್ಕೆ ಹೊರಟವರಿರುತ್ತಾರೆ. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಇಷ್ಟು ಸಣ್ಣ ಅಂತರದಲ್ಲಿ ಎರಡು ಬಗೆಯ ನಡವಳಿಕೆಗಳು ಹಲವು ವರ್ಷಗಳಿಂದ ಉಳಿದುಬಂದಿರುವುದಕ್ಕೆ ಕಾರಣ, ಯಾವ ಕಡೆ ಏನು ನಡೆಯುತ್ತದೆ ಎಂಬ ಅಲಿಖಿತ ತಿಳಿವಳಿಕೆ. ರಥಬೀದಿಯ ಅಂಗಡಿಯವರು ಕಡಲತೀರದಲ್ಲಿ ಕಂಡದ್ದನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಅನುಭವವಿರುವ ಪ್ರವಾಸಿಗರು ದೇವಸ್ಥಾನದ ಬೀದಿಗೆ ಬಂದಾಗ ಹೆಗಲು ಮುಚ್ಚಿಕೊಂಡು, ಕೈ ಬಿಟ್ಟು ನಡೆಯುತ್ತಾರೆ. ತೊಡಕು ಬರುವುದು ಮೊದಲ ಬಾರಿ ಬಂದವರಿಗೆ ಮತ್ತು ಇಂಥ ತಿಳಿವಳಿಕೆ ಇನ್ನೂ ಬೆಳೆದಿರದ ಹೊಸ ಜಾಗಗಳಲ್ಲಿ. ಮೀನುಗಾರರ ಹೆಂಗಸರು ಮೀನು ಒಣಗಿಸುವ ತೀರದಲ್ಲಿ, ತೋಟದ ನಡುವಿನ ಮನೆಯ ಜಗಲಿಯಲ್ಲಿ.

ಹೋಮ್‌ಸ್ಟೇಗೆ ಅತಿಥಿಗಳು ಬಂದ ದಿನವೇ, ಚಪ್ಪಲಿ ಎಲ್ಲಿ ಬಿಡಬೇಕು, ಊಟ ಎಷ್ಟು ಹೊತ್ತಿಗೆ ಎಂದು ತಿಳಿಸುವಾಗ ಎಲ್ಲರೆದುರು ಹೇಗಿರಬೇಕೆಂಬುದನ್ನೂ ಸೇರಿಸಿ ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ. ಕಂಡ ಮೇಲೆ ಹೇಳಿದರೆ ಅದು ಗದರಿಕೆಯಾಗುತ್ತದೆ. ನಿಷೇಧವನ್ನಷ್ಟೇ ಹೇಳುವುದಕ್ಕಿಂತ ಕಾರಣವನ್ನೂ ಹೇಳುವುದು ಮೇಲು: ಮನೆಯಲ್ಲಿ ಹಿರಿಯರಿದ್ದಾರೆ, ಅವರೆದುರು ನಮ್ಮ ಮಗ ಸೊಸೆಯೂ ಹೀಗೆಯೇ ಇರುತ್ತಾರೆ, ನಿಮ್ಮ ಕೋಣೆಯಲ್ಲಿ ನೀವು ನಿಮ್ಮಿಚ್ಛೆಯಂತೆ ಇರಬಹುದು. ಇದು ತಮ್ಮೊಬ್ಬರ ಮೇಲೆ ಹೇರಿದ ನಿಯಮವಲ್ಲ, ಮನೆಯವರೆಲ್ಲರೂ ಪಾಲಿಸುವ ನಿಯಮ ಎಂದು ತಿಳಿದಾಗ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

ಎದುರು ದಿಕ್ಕಿನ ಸಂದರ್ಭವೂ ಉಂಟು. ನಾಲ್ಕು ದಿನ ಇದ್ದು ಹೊರಡುವ ಅತಿಥಿ ಕೃತಜ್ಞತೆಯಿಂದ ಮನೆಯ ಅಮ್ಮನನ್ನೋ ಅಪ್ಪನನ್ನೋ ಅಪ್ಪಿಕೊಳ್ಳಲು ಮುಂದೆ ಬರಬಹುದು. ಒಪ್ಪಿಗೆಯಿದ್ದರೆ ಸರಿ. ಇಲ್ಲದಿದ್ದರೆ ಮುಖ ತಿರುಗಿಸಬೇಕಾಗಿಲ್ಲ, ಗಾಬರಿಯಾಗಬೇಕಾಗಿಯೂ ಇಲ್ಲ. ಅವರು ಹತ್ತಿರ ಬರುವ ಮೊದಲೇ ನಗುತ್ತ ಎರಡೂ ಕೈ ಜೋಡಿಸಿದರೆ, ಭಾರತಕ್ಕೆ ಬಂದ ಯಾರಿಗಾದರೂ ಅದರ ಅರ್ಥ ತಿಳಿಯುತ್ತದೆ, ಮತ್ತು ಅವರೂ ನಿಂತಲ್ಲೇ ಕೈ ಮುಗಿಯುತ್ತಾರೆ.